ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ: ಕರಾವಳಿಯ ಸೆಕೆ, ಮಳೆಯಲ್ಲಿ ಕೊಳಲು ಕಲಿಯುವವರಿಗೆ

ಫೋನಿನಲ್ಲಿ ಪುಕ್ಕಟೆ ತಂಬೂರಿ ಆ್ಯಪ್ ಇರುವಾಗ ದುಡ್ಡು ಕೊಟ್ಟು, ಆಧಾರದ ಸ-ಪ ನಾದವನ್ನು ಎಡೆಬಿಡದೆ ಹೊರಡಿಸುವ ಶ್ರುತಿಪೆಟ್ಟಿಗೆ ಯಾಕೆ ಎಂದು ಕೇಳುವವರೇ ಹೆಚ್ಚು. ಆ್ಯಪ್‌ನ ನಾದಕ್ಕೆ ಹೆಸರಿಡುವ ಹಾಗಿಲ್ಲ, ಕೆಲವು ಪೆಟ್ಟಿಗೆಗಳಿಗಿಂತ ಇಂಪಾಗಿಯೇ ಇರುತ್ತದೆ. ಆದರೆ ಕರೆ ಬಂದರೆ ಶ್ರುತಿ ನಿಂತಿತು. ಮಾತು ಮುಗಿಸಿದ ಬೆರಳು ಕೊಳಲಿಗೆ ಮರಳುವ ಮೊದಲು ಇನ್ನೊಂದು ಪಾಠದ ವಿಡಿಯೊ ಒತ್ತಿರುತ್ತದೆ. ಪೆಟ್ಟಿಗೆಗೆ ಶ್ರುತಿ ಹಿಡಿಯುವುದು ಬಿಟ್ಟು ಬೇರೇನೂ ಬರುವುದಿಲ್ಲ. ಮಂಗಳೂರಿನಲ್ಲಿ ಹಲವು ಮಳೆಗಾಲ ಬಳಸಿದ ಮೇಲೂ ಅದರ ದೊಡ್ಡ ಗುಣ ಅದೇ.

ವಿಡಿಯೊ ಪಾಠಗಳ ರಾಶಿಯಲ್ಲಿ ಕೊಳಲಿನವರಿಗೆ ಗೊಂದಲ ಜಾಸ್ತಿ. ಕರ್ನಾಟಕ ಪದ್ಧತಿಯ ಎಂಟು ರಂಧ್ರದ ಕೊಳಲಿನಲ್ಲಿ ಮೇಲಿನ ಎರಡು ರಂಧ್ರ ಮುಚ್ಚಿದರೆ ಷಡ್ಜ (ಸ), ಹಿಂದೂಸ್ಥಾನಿ ಬಾನ್ಸುರಿಯಲ್ಲಿ ಮೂರು ಮುಚ್ಚಬೇಕು. ಇವತ್ತು ಅದು, ನಾಳೆ ಇದು ನೋಡಿದರೆ ಬೆರಳಿಗೆ ಯಾವುದೂ ಹತ್ತುವುದಿಲ್ಲ. ಮೇಲಾಗಿ ಒಬ್ಬೊಬ್ಬ ಗುರುಗಳದು ಒಂದೊಂದು ಶ್ರುತಿ, ಅದರ ಎತ್ತರ ಎಣಿಸುವುದು ‘ಮನೆ’ಗಳಲ್ಲಿ. ನಮ್ಮ ಐದು ಮನೆಯ ಕೊಳಲು ಎರಡೂವರೆ ಮನೆಯ ವಿಡಿಯೊಗೆ ಹೇಗೂ ಸೇರುವುದಿಲ್ಲ ಮಾರಾಯ್ರೇ. ಬರೀ ಬೆರಳು ನೋಡಿ ಊದಿದರೆ ಕಿವಿಗೆ ಕೆಲಸವೇ ಇಲ್ಲ.

ಪೆಟ್ಟಿಗೆಯನ್ನು ಐದು ಮನೆಗೆ, ಅಂದರೆ ಜಿ (G) ಸ್ವರಕ್ಕೆ ಇಟ್ಟರೆ ಕೆಲಸ ಮುಗಿಯಲಿಲ್ಲ. ಗಾಳಿಯ ಉಷ್ಣತೆ ಒಂದು ಡಿಗ್ರಿ ಏರಿದರೆ ಕೊಳಲಿನ ಶ್ರುತಿ ಸುಮಾರು 3 ಸೆಂಟ್ ಏರುತ್ತದೆ; ಅರ್ಧಸ್ವರಕ್ಕೆ 100 ಸೆಂಟ್. ಎ.ಸಿ. ಕೋಣೆಯ 25 ಡಿಗ್ರಿಗೂ ಏಪ್ರಿಲ್ ಮಧ್ಯಾಹ್ನದ ಜಗಲಿಯ 33 ಡಿಗ್ರಿಗೂ 20 ಸೆಂಟ್‌ಗಿಂತ ಹೆಚ್ಚು ವ್ಯತ್ಯಾಸ ಬರಬಹುದು. ಹಾಗಾಗಿ ಫೈನ್ ಟ್ಯೂನಿಂಗ್, ಅಂದರೆ ಶ್ರುತಿಯನ್ನು ಚೂರುಚೂರೇ ಏರಿಳಿಸುವ ಗುಂಡಿ, ಇಲ್ಲದ ಪೆಟ್ಟಿಗೆ ಕೊಳಲಿಗೆ ಬೇಡವೇ ಬೇಡ. ಮೊದಲು ಐದು ನಿಮಿಷ ಊದಿ ಬಿದಿರು ಬೆಚ್ಚಗಾಗಲಿ. ಆಮೇಲೆ ಹದವಾದ ಉಸಿರಿನಲ್ಲಿ ಷಡ್ಜ ಹಿಡಿದು ಕಿವಿಗೊಟ್ಟರೆ ಎರಡು ನಾದಗಳ ನಡುವೆ ‘ವಂವ್ ವಂವ್’ ಎಂಬ ಅಲೆ ಕೇಳುತ್ತದೆ. ಫೈನ್ ಟ್ಯೂನಿಂಗ್ ಗುಂಡಿ ತಿರುಗಿಸುತ್ತಾ ಹೋದ ಹಾಗೆ ಅಲೆ ನಿಧಾನವಾಗಿ, ಕೊನೆಗೆ ನಿಲ್ಲಬೇಕು. ಗುಂಡಿಯ ಕೆಲಸ ಅಲ್ಲಿಗೆ ಮುಗಿಯಿತು. ಪಂಚಮ (ಪ) ಸೇರದಿದ್ದರೆ ಸರಿಮಾಡಬೇಕಾದ್ದು ತುಟಿ: ಕೊಳಲನ್ನು ತುಸು ಹೊರಕ್ಕೆ ಹೊರಳಿಸಿದರೆ ಸ್ವರ ಏರುತ್ತದೆ, ಒಳಕ್ಕೆ ಹೊರಳಿಸಿದರೆ ಇಳಿಯುತ್ತದೆ. ಆರಂಭದ ಸ್ವರಾಭ್ಯಾಸವಾದ ಸರಳೆವರಸೆಯ ಮೊದಲ ಕಾಲದಲ್ಲಿ (ನಿಧಾನ ಗತಿಯಲ್ಲಿ) ಪ್ರತಿ ಸ್ವರಕ್ಕೂ ಈ ಅಲೆ ಹುಡುಕುತ್ತಾ ಕೂತರೆ ಒಂದೇ ವರಸೆಗೆ ಅರ್ಧ ಗಂಟೆ ಸಾಲದು. ವಾಲ್ಯೂಮ್ ಕೊಳಲಿಗಿಂತ ಕಮ್ಮಿ ಇರಲಿ, ಜೋರಿಟ್ಟರೆ ತಪ್ಪುಗಳೆಲ್ಲ ಅದರಡಿ ಅಡಗುತ್ತವೆ.

ಇನ್ನು ತಕರಾರು. ಆಟಿಯ (ತುಳುವರ ಮಳೆಗಾಲದ ತಿಂಗಳು) ತೇವಕ್ಕೆ ವಾಲ್ಯೂಮ್ ಗುಂಡಿ ಕರಕರ ಎನ್ನುತ್ತದೆ. ಸ್ವಿಚ್ ಆಫ್ ಮಾಡಿ ಆ ತುದಿಯಿಂದ ಈ ತುದಿಗೆ ಹತ್ತಿಪ್ಪತ್ತು ಸಲ ತಿರುಗಿಸಿದರೆ ಸಾಮಾನ್ಯವಾಗಿ ಹೋಗುತ್ತದೆ, ಇಲ್ಲದಿದ್ದರೆ ರಿಪೇರಿಯವರಲ್ಲಿ ಕಾಂಟ್ಯಾಕ್ಟ್ ಕ್ಲೀನರ್ ಹೊಡೆಸಬೇಕು. ಬಳಸದ ದಿನಗಳಲ್ಲಿ ಸೆಲ್ ಒಳಗೇ ಬಿಟ್ಟರೆ ಸೋರಿ ಸ್ಪ್ರಿಂಗ್ ತುಕ್ಕು ಹಿಡಿಯುತ್ತದೆ. ಮೇ ಸಂಜೆಯ ಸಿಡಿಲಿಗೆ ಅಡಾಪ್ಟರ್ ಪ್ಲಗ್ ಕಿತ್ತಿಡುವುದೇ ಮದ್ದು.

ಪಂಚಮದ ಬದಲು ಮಧ್ಯಮ (ಮ) ಇಡುವ ಸೌಲಭ್ಯ ಇದೆಯೇ ಎಂದು ಅಂಗಡಿಯಲ್ಲೇ ನೋಡಿ. ಹಿಂದೋಳ, ಶ್ರೀರಂಜನಿ ರಾಗಗಳಲ್ಲಿ ಪಂಚಮವೇ ಇಲ್ಲ. ತಾಳವೂ ಸೇರಿದ ದುಬಾರಿ ಮಾದರಿಗೆ ನನ್ನ ಓಟಿಲ್ಲ. ಆದಿತಾಳಕ್ಕೆ ಕಾಲು ತಟ್ಟಿದರೆ ಸಾಕು.