ತಾಂಬ್ಡಿ ಸುರ್ಲಾ, ಖೋತಿಗಾಂವ್: ನಮಗೆ ಹಕ್ಕಿ ಎಲ್ಲಿ ಕಂಡವು?

ನಾವು ಗೋವಾದ ವಾಸ್ಕೋದಲ್ಲಿ ಮನೆ ಮಾಡಿದ ಮೇಲೆ ಧಾರವಾಡದ ಭಾವ ಪ್ರತಿ ಚಳಿಗಾಲಕ್ಕೂ ಬರುತ್ತಾರೆ. ಹಕ್ಕಿ ನೋಡೋದು ಅವರಿಗೆ ಪ್ರಾಣ. ಈ ಸಲ ಇಲ್ಲಿನ ತಾಂಬ್ಡಿ ಸುರ್ಲಾ, ಖೋತಿಗಾಂವ್ ಎರಡೂ ಕಾಡಿಗೆ ಎರಡೆರಡು ಬೆಳಗ್ಗೆ ಹೋಗಿ ಬಂದೆವು. ಅದೇ ಬೈನಾಕ್ಯುಲರ್, ಅದೇ ಆರೂವರೆ ಗಂಟೆ.

ತಾಂಬ್ಡಿ ಸುರ್ಲಾದಲ್ಲಿ ಕದಂಬರ ಕಾಲದ ಕರಿಕಲ್ಲಿನ ಮಹಾದೇವ ದೇವಸ್ಥಾನವಿದೆ. ಪಕ್ಕದಲ್ಲಿ ಹೊಳೆ, ಮುಂದೆ ಒಂದಿಷ್ಟು ಬಯಲು, ಅದರಾಚೆ ಗೋಡೆಯ ಹಾಗೆ ಮರಗಳು. ಈ ಬಯಲೇ ಇಲ್ಲಿನ ದೊಡ್ಡ ಅನುಕೂಲ. ಇಂಥ ಕಾಡಿನಲ್ಲಿ ಎಷ್ಟೋ ಹಕ್ಕಿಗಳು ಇರುವುದು ಮೇಲಿನ ಕೊಂಬೆಗಳಲ್ಲಿ. ಮರದ ಬುಡದಲ್ಲಿ ನಿಂತರೆ ಕತ್ತು ನೋವು ಬರುತ್ತದೆ, ಹಕ್ಕಿಯ ಹೊಟ್ಟೆ ಮಾತ್ರ ಕಾಣುತ್ತದೆ. ಇಲ್ಲಿ ದೂರದಿಂದ ಆ ಕೊಂಬೆಗಳನ್ನೇ ನೋಡಬಹುದು. ಬಿಸಿಲು ತಾಗಿದ ಕೂಡಲೇ ಗೋವಾದ ರಾಜ್ಯಪಕ್ಷಿ ಬಂತು: ಕರಿ ತಲೆ, ಹಳದಿ ಹೊಟ್ಟೆ, ಕೆಂಪು ಕೊರಳಿನ ಪಿಕಳಾರ. ಬಿಳಿ ಕಣ್ಣು ಕೂಡ ಸ್ಪಷ್ಟವಾಗಿ ಕಂಡಿತು. ಆಮೇಲೆ ಎಲೆಹಕ್ಕಿ, ದೊಡ್ಡ ಕೊಕ್ಕಿನ ಮಂಗಟ್ಟೆ ಜೋಡಿ. ಮೊದಲ ದಿನವೇ ಪಟ್ಟಿಯಲ್ಲಿ 31 ಹೆಸರು. ಒಂಬತ್ತೂವರೆಗೆ ಜನ ಸೇರುತ್ತಾರೆ. ಭಾನುವಾರವಂತೂ ಬೇಡವೇ ಬೇಡ.

ಖೋತಿಗಾಂವ್ ಕಾಣಕೋಣದ ಕಡೆ, ಕಾರವಾರದವರಿಗೆ ಹತ್ತಿರ. 1968ರಿಂದ ಅಭಯಾರಣ್ಯ, ಸುಮಾರು 86 ಚದರ ಕಿಲೋಮೀಟರ್. ನಾವು ನಡೆದ ದಾರಿಯಲ್ಲಿ ಬಯಲೇ ಇಲ್ಲ. ಎಂಟು ಗಂಟೆಯಾದರೂ ಒಳಗೆ ಮಬ್ಬು. ಮೊದಲ ಒಂದು ಗಂಟೆ ಕೇಳಿಸಿದ್ದೇ ಜಾಸ್ತಿ, ಕಂಡಿದ್ದು ಏನೂ ಇಲ್ಲ. ಆಮೇಲೆ ಉದ್ದ ಬಾಲದ ಕರಿ ಹಕ್ಕಿ ಭೀಮರಾಜ ಕೂಗಿತು. ಅದರ ಜೊತೆಗೆ ಮರಕುಟಿಗ, ನೊಣಹಿಡುಕ, ಇನ್ನೂ ಹೆಸರು ಹೇಳುವಷ್ಟರಲ್ಲಿ ದಾಟಿಹೋದ ಹತ್ತಾರು ಹಕ್ಕಿ. ಹೀಗೆ ಬೇರೆ ಬೇರೆ ಜಾತಿಗಳು ಒಟ್ಟಿಗೆ ಮೇಯುತ್ತವೆ. ಒಂದು ಎಬ್ಬಿಸಿದ ಹುಳ ಇನ್ನೊಂದಕ್ಕೆ ಸಿಗುತ್ತದೆ, ಅಪಾಯ ಬಂದರೆ ಕಾಯಲು ಕಣ್ಣುಗಳೂ ಜಾಸ್ತಿ. ಐದು ನಿಮಿಷ, ಅಷ್ಟೇ. ಮತ್ತೆ ಕಾಡು ಸುಮ್ಮನಾಯಿತು. ಮೊದಲ ಸಲ ಬಂದವರು ಬೇಜಾರಾಗಿ ವಾಪಸ್ ಹೋಗೋದು ಇದೇ ಹೊತ್ತಿನಲ್ಲಿ. ಹೋಗಬೇಡಿ.

ನಾವು ಕೂತೆವು. "ತಮ್ಮಾ, ಅಲುಗಾಡೋದನ್ನ ಹುಡುಕಬ್ಯಾಡ, ಸುಮ್ನೆ ಕುಂತಿದ್ದನ್ನ ಹುಡುಕು" ಅಂದರು ಭಾವ. ನಾವು ಹುಡುಕುತ್ತಿದ್ದದ್ದು ಕಾಕರಣೆ ಹಕ್ಕಿ (ಮಲಬಾರ್ ಟ್ರೋಗನ್). ಅದರ ಸ್ವಭಾವವೇ ಹಾಗೆ. ಬೆನ್ನು ತಿರುಗಿಸಿ ಕೂತರೆ ಕಂದು ಎಲೆಯ ಹಾಗೆ. ನಲವತ್ತು ನಿಮಿಷದ ಮೇಲೆ ಗಂಡು ತಿರುಗಿತು. ಕರಿ ತಲೆ, ಎದೆಗೆ ಅಡ್ಡ ಬಿಳಿ ಪಟ್ಟಿ, ಕೆಳಗೆಲ್ಲ ಕಡುಗೆಂಪು. ಉಸಿರು ಬಿಡೋದಕ್ಕೂ ಹೆದರಿಕೆಯಾಯಿತು. ಆ ದಿನದ ಪಟ್ಟಿ ಬರೀ 14. ನನಗೆ ಆ 31ಕ್ಕಿಂತ ಈ 14 ಹೆಚ್ಚು.

ಇಲ್ಲಿಗೆ 10 ಪಟ್ಟು ಹಿಗ್ಗಿಸಿ ತೋರಿಸುವ ಬೈನಾಕ್ಯುಲರ್ ಬೇಡ. ಮಬ್ಬಿನಲ್ಲಿ 8 ಪಟ್ಟಿನದ್ದೇ ಹಿತ, ಕೈ ನಡುಗಿದ್ದೂ ಅಷ್ಟಾಗಿ ಗೊತ್ತಾಗಲ್ಲ.

ಬೋಂಡ್ಲಾಗೂ ಒಮ್ಮೆ ಹೋಗಿದ್ದೆವು. ಚಿಕ್ಕ ಕಾಡು, ಪ್ರಾಣಿ ಸಂಗ್ರಹಾಲಯವಿದೆ. ಚಿಕ್ಕ ಮಕ್ಕಳಿದ್ದರೆ ಸರಿ.

ಒಂದೇ ಬೆಳಗ್ಗೆ ಸಿಗುತ್ತೆ, ಜೊತೆಗೆ ಹೊಸಬರಿದ್ದಾರೆ ಅಂದರೆ ತಾಂಬ್ಡಿ ಸುರ್ಲಾಗೇ ಹೋಗಿ. ಜನವರಿಯಲ್ಲಿ ಅಮ್ಮ ಬರುತ್ತಾರೆ, ಅವರನ್ನು ಅಲ್ಲಿಗೇ ಕರೆದುಕೊಂಡು ಹೋಗುತ್ತೇನೆ. ಮರುದಿನ ಬೆಳಗಿನ ಜಾವ ನಾನೂ ಭಾವನೂ ಖೋತಿಗಾಂವ್‌ಗೆ. ಕಾಕರಣೆಯ ಹೆಣ್ಣು ಇನ್ನೂ ನೋಡಿಲ್ಲ.