ಚೆನ್ನೈಯಿಂದ ಬಂದ ಲಕೋಟೆಯನ್ನು ಒಡೆಯದೆ ಇಡಬೇಡಿ

ಸರಕು ಆಟೋಗೆ ಸಾಲ ಮಾಡಿದಾಗ, ಷೋರೂಮಿನ ಹುಡುಗ ಪೆನ್ಸಿಲ್‌ನಲ್ಲಿ ಗುರುತು ಹಾಕಿದ ಕಡೆಯಲ್ಲೆಲ್ಲ ರುಜು ಹಾಕಿ ಬಂದಿದ್ದೆ. ಏನು ಬರೆದಿದೆ ಎಂದು ಕೇಳಲಿಲ್ಲ. ಅವನಿಗೂ ಗೊತ್ತಿರಲಿಕ್ಕಿಲ್ಲ.

ನಾಲ್ಕು ಕಂತು ತಪ್ಪಿದವು. ಚೆನ್ನೈಯಿಂದ ರಿಜಿಸ್ಟರ್ಡ್ ಅಂಚೆ ಬಂತು. ವಸೂಲಿಯವರ ಬೆದರಿಕೆ ಎಂದುಕೊಂಡು ಕಪಾಟಿನ ಮೇಲೆ ಎಸೆದೆ. ಇನ್ನೆರಡು ಬಂದವು, ಅವೂ ಅಲ್ಲಿಗೇ. ನಾಲ್ಕನೆಯದು ಮಾತ್ರ ತುಮಕೂರಿನ ನ್ಯಾಯಾಲಯದಿಂದ ಬಂತು: ಅಮಲ್ಜಾರಿ ಅರ್ಜಿಯ, ಅಂದರೆ ತೀರ್ಪನ್ನು ಜಾರಿ ಮಾಡಿಸಲು ಹಾಕಿದ ಅರ್ಜಿಯ ನೋಟಿಸ್.

ವಕೀಲರು ಲಕೋಟೆಗಳನ್ನು ಒಂದೊಂದಾಗಿ ಒಡೆದರು. ಮೊದಲನೆಯದರಲ್ಲಿ, ನಾನು ಓದದೆ ರುಜು ಹಾಕಿದ ಒಪ್ಪಂದದಂತೆ, ಸಾಲ ಕೊಟ್ಟ ಕಂಪನಿಯೇ ಆರ್ಬಿಟ್ರೇಟರ್ (ನ್ಯಾಯಾಲಯದ ಹೊರಗೆ ವ್ಯಾಜ್ಯ ತೀರ್ಮಾನಿಸುವ ಮಧ್ಯಸ್ಥಗಾರ) ಒಬ್ಬರನ್ನು ನೇಮಿಸಿತ್ತು. ಎರಡನೆಯದು ವಿಚಾರಣೆಯ ದಿನಾಂಕ. ಮೂರನೆಯದು ಏಕಪಕ್ಷೀಯ ಐತೀರ್ಪು, ಅಂದರೆ ನನ್ನ ಗೈರಿನಲ್ಲೇ ಆರ್ಬಿಟ್ರೇಟರ್ ಕೊಟ್ಟ ತೀರ್ಪು. ಅದನ್ನು ಪ್ರಶ್ನಿಸಲು 1996ರ ಆರ್ಬಿಟ್ರೇಷನ್ ಕಾಯ್ದೆಯ 34ನೇ ಸೆಕ್ಷನ್ ಮೂರು ತಿಂಗಳು, ತಕ್ಕ ಕಾರಣವಿದ್ದರೆ ಮತ್ತೆ 30 ದಿನ ಕೊಡುತ್ತದೆ. ಆ ಗಡುವೆಲ್ಲ ಕಪಾಟಿನ ಮೇಲೆಯೇ ಕಳೆದಿತ್ತು.

ಉಳಿದದ್ದು ಒಂದೇ ದಾರಿ: ಆರ್ಬಿಟ್ರೇಟರ್ ನೇಮಕವೇ ತಪ್ಪು ಎಂದು ತುಮಕೂರಿನ ನ್ಯಾಯಾಲಯದಲ್ಲಿ ಆಕ್ಷೇಪಿಸುವುದು. ವ್ಯಾಜ್ಯದಲ್ಲಿ ಹಿತಾಸಕ್ತಿ ಇರುವವರು ತಾವೊಬ್ಬರೇ ಆರ್ಬಿಟ್ರೇಟರ್‌ರನ್ನು ನೇಮಿಸುವಂತಿಲ್ಲ ಎಂದು 2019ರಲ್ಲಿ ಪರ್ಕಿನ್ಸ್ ಈಸ್ಟ್‌ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. 2023ರಲ್ಲಿ ದೆಹಲಿ ಹೈಕೋರ್ಟಿನ ವಿಭಾಗೀಯ ಪೀಠ ಸಾಲದ ಪ್ರಕರಣವೊಂದರಲ್ಲಿಯೇ ಅಂಥ ಐತೀರ್ಪನ್ನು ಜಾರಿ ಮಾಡಲಾಗದು ಎಂದಿತು. ದೆಹಲಿಯ ತೀರ್ಪು ತುಮಕೂರಿನ ನ್ಯಾಯಾಧೀಶರನ್ನು ಕಟ್ಟಿಹಾಕುವುದಿಲ್ಲ, ಆದರೂ ಅದಕ್ಕೆ ತೂಕವಿದೆ ಎಂದರು ವಕೀಲರು. ನಮ್ಮ ಆಕ್ಷೇಪಣೆ ಈಗ ಅದರ ಮೇಲೆಯೇ ನಿಂತಿದೆ.

ಅದೂ ತಪ್ಪಿಹೋಗುವುದರಲ್ಲಿತ್ತು. ಮೊದಲ ಲಕೋಟೆ ಬಂದ ವಾರವೇ ಶಾಖೆಯಿಂದ ಒಬ್ಬರು ಫೋನ್ ಮಾಡಿ, ‘ಒಂದು ಪುಟಕ್ಕೆ ರುಜು ಹಾಕಿ ಹೋಗಿ ಸಾರ್, ಕಂತು ಕಡಿಮೆ ಮಾಡಿಸೋಣ’ ಎಂದಿದ್ದರು. ಬಾಡಿಗೆಯ ಓಡಾಟದಲ್ಲಿ ಹೋಗಲಿಲ್ಲ. ಆ ಪುಟದ ಪ್ರತಿಯನ್ನು ಮೊಬೈಲಿಗೂ ಕಳಿಸಿದ್ದರು. ವಕೀಲರು ಓದಿ ನಕ್ಕರು: ಕಂಪನಿ ನೇಮಿಸಿದವರೇ ಆರ್ಬಿಟ್ರೇಟರ್ ಆಗಲು ನನ್ನ ಅಭ್ಯಂತರವಿಲ್ಲ ಎಂಬ ಒಪ್ಪಿಗೆ! ವ್ಯಾಜ್ಯ ಹುಟ್ಟಿದ ಮೇಲೆ ಹೀಗೆ ಬರೆದುಕೊಟ್ಟರೆ, ಅದೇ ಕಾಯ್ದೆಯ 12(5)ನೇ ಸೆಕ್ಷನ್ ಪ್ರಕಾರ ಆಕ್ಷೇಪಿಸುವ ಹಕ್ಕನ್ನೇ ಬಿಟ್ಟುಕೊಟ್ಟಂತೆ. ನನ್ನ ಸೋಮಾರಿತನ ಮಾಡಿದ ಉಪಕಾರ ಅದೊಂದೇ.

ಅಂಥ ಪುಟಕ್ಕೆ ರುಜು ಹಾಕಬೇಡಿ. ಆರ್ಬಿಟ್ರೇಟರ್ ನೇಮಕದ ಪತ್ರ ಬಂದ ಕೂಡಲೇ ‘ಈ ನೇಮಕಕ್ಕೆ ನನ್ನ ಒಪ್ಪಿಗೆಯಿಲ್ಲ’ ಎಂದು ಸ್ಪೀಡ್ ಪೋಸ್ಟ್‌ನಲ್ಲಿ ಉತ್ತರಿಸಿ, ರಸೀದಿ ಇಟ್ಟುಕೊಳ್ಳಿ. ಐತೀರ್ಪು ಬಿದ್ದುಹೋದರೂ ಸಾಲ ಮನ್ನಾ ಆಗುವುದಿಲ್ಲ. ಕಂಪನಿ ಮತ್ತೆ ಕ್ರಮಬದ್ಧವಾಗಿ ಶುರು ಮಾಡಬಹುದು.

ಮೊನ್ನೆ ಚೆನ್ನೈಯಿಂದ ಇನ್ನೊಂದು ಲಕೋಟೆ ಬಂತು. ಅಂಚೆಯಣ್ಣ ಗೇಟು ದಾಟುವ ಮೊದಲೇ ಒಡೆದೆ.