ಗೋಣಿಚೀಲದ ಮೇಲೆ ಸ್ಟೆನ್ಸಿಲ್ ಅಕ್ಷರ: ಒಂದು ಹಂಗಾಮಿನ ಅನುಭವ

ಅಡಿಕೆ ಚೀಲಗಳಿಗೆ ಗುರುತು ಹಾಕುವ ಸಲುವಾಗಿ ಶಿರಸಿಯ ಒಂದು ಅಂಗಡಿಯಲ್ಲಿ ನಾವು ಸ್ಟೆನ್ಸಿಲ್ ತಗಡುಗಳನ್ನು, ಅಂದರೆ ಅಕ್ಷರದ ಆಕಾರ ಕೊರೆದು ಅದರ ಮೂಲಕ ಬಣ್ಣ ಹಚ್ಚುವ ತಗಡುಗಳನ್ನು, ಕೊರೆಸಿದೆವು. ಮನೆಯ ಇಂಗ್ಲಿಷ್ ಇನಿಶಿಯಲ್‌ಗಳು, ಅಂಕಿಗಳು, ಜೊತೆಗೆ ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು ಎಂಬ ಅಡಿಕೆಯ ನಾಲ್ಕು ಬಗೆಗಳ ಹೆಸರುಗಳು. ಎಲ್ಲವೂ 2 ಇಂಚು ಎತ್ತರದವು. ಒಂದು ಹಂಗಾಮು ಪೂರ್ತಿ ಬಳಸಿದ ನಂತರ ಈ ವಿಮರ್ಶೆ ಬರೆಯುತ್ತಿದ್ದೇನೆ.

ಇಂಗ್ಲಿಷ್ ಅಕ್ಷರಗಳಿಗೆ ಅಂಗಡಿಯವರು ಆರಿಸಿದ್ದು ‘ಸ್ಟೆನ್ಸಿಲ್’ ಎಂಬ ಹೆಸರಿನದೇ ಫಾಂಟು. ಜೆರಿ ಪವೆಲ್ 1937ರಲ್ಲಿ ಅಮೆರಿಕನ್ ಟೈಪ್ ಫೌಂಡರ್ಸ್ ಸಂಸ್ಥೆಗಾಗಿ ಇದನ್ನು ರೂಪಿಸಿದರು. ಮೂಲದಲ್ಲಿ ದೊಡ್ಡಕ್ಷರಗಳಷ್ಟೇ ಇದ್ದವು. ಸರಕಿನ ಪೆಟ್ಟಿಗೆಗಳ ಮೇಲಿನ ಬರಹವನ್ನು ಅನುಕರಿಸಿ ಮುದ್ರಣಕ್ಕೆಂದು ಮಾಡಿದ ಅಚ್ಚು ಈಗ ಮರಳಿ ತಗಡಿಗೇ ಬಂದಿರುವುದು ನನಗೆ ಬಹಳ ಹಿಡಿಸಿತು. ತಗಡಿನಲ್ಲಿ ಇಂಗ್ಲಿಷಿನ ‘ಓ’ ಕೊರೆದರೆ ಅದರ ಹೊಟ್ಟೆ ಕಳಚಿ ಬೀಳುತ್ತದೆ. ಅದನ್ನು ಹಿಡಿದಿಡಲು ಗೆರೆಯ ನಡುವೆ ಒಂದೆರಡು ಕೊಂಡಿಗಳನ್ನು ಕೊರೆಯದೆ ಬಿಡಬೇಕು. ಈ ಫಾಂಟಿನಲ್ಲಿ ‘ಓ’ದ ಗೆರೆ ತೆಳುವಾಗುವ ಮೇಲೆ ಮತ್ತು ಕೆಳಗೇ ಆ ಕೊಂಡಿಗಳು ಬರುವುದರಿಂದ, ಗೋಣಿಯ ನಾರಿನಲ್ಲಿ ಬಣ್ಣ ಹರಡಿದರೂ ಅಕ್ಷರ ಕೆಡಲಿಲ್ಲ.

ಕನ್ನಡದಲ್ಲಿ ಹಾಗಾಗಲಿಲ್ಲ. ಅಂಗಡಿಯವರು ದಪ್ಪನೆಯ ಸಾಮಾನ್ಯ ಕನ್ನಡ ಫಾಂಟೊಂದನ್ನು ತೆಗೆದುಕೊಂಡು, ಇಂಗ್ಲಿಷಿನಂತೆಯೇ ಪ್ರತಿಯೊಂದು ದುಂಡನ್ನೂ ಮೇಲೆ ಕೆಳಗೆ ಸೀಳಿದ್ದರು. ಗೆರೆ ಎಲ್ಲೆಡೆ ಒಂದೇ ದಪ್ಪವಿದ್ದ ಕಾರಣ ಸೀಳು ಎದ್ದು ಕಾಣುತ್ತಿತ್ತು. ಅದಕ್ಕಿಂತ ದೊಡ್ಡ ತೊಂದರೆಯೆಂದರೆ, ‘ರಾ’ದಲ್ಲಿ ಇಳಿ ಕೂಡುವ ಜಾಗವೇ ತುಂಡಾಗಿ, ಕೆಳಗೆ ಎರಡು ಕಂಸಗಳು, ಮೇಲೊಂದು ತೇಲುವ ಕೊಕ್ಕೆ ಉಳಿದವು. ‘ಕೆಂಪು’ವಿನ ಸೊನ್ನೆ ಕರಿಯ ಚುಕ್ಕೆಯಾಯಿತು. ಚೀಲ ಹೊರುವವರು ದೂರದಿಂದ ನೋಡಿ ರಾಶಿ ಯಾವುದು, ಚಾಲಿ ಯಾವುದು ಎಂದು ಗುರುತಿಸಲಾರದೆ ಹೋದರೆ ಆ ಬರಹ ಇದ್ದೂ ಇಲ್ಲದಂತೆ.

ಆಗ ನಾವೇ ರಟ್ಟಿನ ಮೇಲೆ ಬರೆದು, ಕೊರೆದು, ಗೋಣಿಗೆ ಒತ್ತಿ ನೋಡಿದೆವು. ‘ರ’ದ ಕೊಂಡಿಗಳನ್ನು ಎಡ ಮತ್ತು ಬಲ ಮಗ್ಗುಲಿಗೆ ತಂದಾಗ ಇಳಿ ತನ್ನ ಜಾಗದಲ್ಲಿ ನಿಂತಿತು. ಸೊನ್ನೆಯನ್ನು ತುಸು ಹಿಗ್ಗಿಸಿ, ಒಂದೇ ಬದಿಗೆ ಅಗಲವಾದ ಕೊಂಡಿ ಬಿಟ್ಟೆವು. ಆ ರಟ್ಟನ್ನು ಒಯ್ದು ತೋರಿಸಿದಾಗ ಅಂಗಡಿಯವರು ಬೇಸರಿಸದೆ, ಹೆಚ್ಚಿನ ಹಣ ಕೇಳದೆ ಮತ್ತೆ ಕೊರೆದುಕೊಟ್ಟರು. ಅವರ ಕೆಲಸದ ಅಚ್ಚುಕಟ್ಟುತನವನ್ನು ಮನಸಾರೆ ಮೆಚ್ಚುತ್ತೇನೆ. ತಗಡಿನ ಅಂಚು ಎಲ್ಲಿಯೂ ಕೈಗೆ ತರಚುವುದಿಲ್ಲ.

ಕೊಂಡಿ ಎಷ್ಟು ಅಗಲವಿರಬೇಕೆಂಬುದು ಯಾವುದರ ಮೇಲೆ ಬಣ್ಣ ಬಳಿಯುತ್ತೇವೆ ಎಂಬುದನ್ನು ಅವಲಂಬಿಸಿದೆ. ಗೋಣಿಗೆ ನಮಗೆ 4 ಮಿಲಿಮೀಟರ್ ಬೇಕಾಯಿತು. ಕಾರವಾರದ ಬೈತಖೋಲ್ ಮೀನುಗಾರಿಕೆ ಬಂದರಿನಲ್ಲಿ ಮೀನಿನ ಪ್ಲಾಸ್ಟಿಕ್ ಕ್ರೇಟುಗಳಿಗೆ ಇದೇ ಬಗೆಯ ತಗಡು ಬಳಸಿದ ಪರಿಚಿತರೊಬ್ಬರು ಅದರ ಅರ್ಧ ಸಾಕಿತ್ತೆಂದರು. ನುಣುಪಾದ ಮೈಯಲ್ಲಿ ಬಣ್ಣ ಹರಡುವುದಿಲ್ಲವಷ್ಟೆ. ಬ್ರಶ್ಶಿನಲ್ಲಿ ಬಣ್ಣ ಕಡಿಮೆಯಿರಲಿ, ಎಳೆಯದೆ ಕುಟ್ಟಿ ಹಚ್ಚಿ.

‘ಬೆಟ್ಟೆ’ಯ ಒತ್ತಕ್ಷರ ಮಾತ್ರ ಇನ್ನೂ ಸರಿಯಾಗಿಲ್ಲ. ಕೆಳಗಿನ ಸಣ್ಣ ಟಕಾರದಲ್ಲಿ ಬಣ್ಣ ಕಟ್ಟಿಕೊಳ್ಳುತ್ತದೆ. ಮುಂದಿನ ಕೊಯ್ಲಿನೊಳಗೆ ಅದನ್ನಷ್ಟೇ ದೊಡ್ಡದಾಗಿ ಬರೆದು ಬೇರೆ ತಗಡು ಕೊರೆಸಬೇಕಾಗಿದೆ.